ಧೂಳಲ್ಲೇ ಬೆಳೆದ ಊರಿನ ಮಕ್ಕಳಿಗೆ ದಮ್ಮು ಯಾಕೆ?

ತೊಗರಿ ರಾಶಿ ಶುರುವಾದರೆ ಕಲಬುರಗಿ ಸೀಮೆಯಲ್ಲಿ ಸೀನು, ಕೆಮ್ಮು, ಕಣ್ಣುರಿಯೂ ಶುರುವಾಗುತ್ತವೆ. ಮಕ್ಕಳ ಡಾಕ್ಟರ ಹತ್ತಿರ ಪಾಳಿ ಹಚ್ಚಿ ಕೂತವರ ನಡುವೆ ಒಂದು ಮಾತು ಕೇಳೇ ಕೇಳುತ್ತದೆ. "ನಾವು ಕಣದಾಗ ಮಲಗಿ ಎದ್ದು ಬೆಳದೀವಿ, ನಮಗೇನೂ ಆಗಲಿಲ್ಲ. ಈ ಕೂಸಿಗ್ಯಾಕ ಪಂಪ್ ಬೇಕು?" ಪಂಪ್ ಅಂದರೆ ದಮ್ಮಿಗೆ, ಅಂದರೆ ಉಸಿರು ಕಟ್ಟುವುದಕ್ಕೆ, ಬಾಯಿಂದ ಎಳೆದುಕೊಳ್ಳುವ ಔಷಧಿ, ಇನ್ಹೇಲರ್. ಅಜ್ಜಿಯರ ಈ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ. ವಿಜ್ಞಾನಿಗಳೂ ಹಲವು ದಶಕಗಳಿಂದ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಿದ್ದಾರೆ. ಅವರಿಗೆ ಸಿಕ್ಕಿರುವ ಉತ್ತರ ಒಂದಲ್ಲ, ಹಲವು. ಅವುಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿಯ ಬದುಕಿಗೆ ಯಾವುದು ಎಷ್ಟು ಹೊಂದುತ್ತದೆ ಅಂತ ನೋಡೋಣ.

ಮೈಯೊಳಗೆ ಏನಾಗುತ್ತದೆ?

ರೋಗಾಣುಗಳು ಒಳಗೆ ಬರದಂತೆ ನೋಡಿಕೊಳ್ಳುವ ಒಂದು ವ್ಯವಸ್ಥೆ ನಮ್ಮ ಮೈಯಲ್ಲಿದೆ. ಅದೇ ರೋಗನಿರೋಧಕ ವ್ಯವಸ್ಥೆ. ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ಕವಣೆ ಹಿಡಿದು ಕೂತ ಕಾವಲುಗಾರನನ್ನು ನೆನಪಿಸಿಕೊಳ್ಳಿ. ತೆನೆಗೆ ಹಕ್ಕಿ ಬಂದರೆ ಕಲ್ಲು ಬೀಸುವುದು ಅವನ ಕೆಲಸ. ಅವನೇ ಬುತ್ತಿ ತಂದ ಮನೆಯವರಿಗೂ, ದಾರಿಯಲ್ಲಿ ಹೋಗುವವರಿಗೂ ಕಲ್ಲು ಬೀಸತೊಡಗಿದರೆ? ಅಲರ್ಜಿ ಅಂದರೆ ಇದು. ಹೂವಿನ ಪರಾಗ, ಹಾಸಿಗೆಯ ಧೂಳು, ಶೇಂಗಾ, ಮೊಟ್ಟೆಯಂಥ ಕೇಡಿಲ್ಲದ ವಸ್ತುಗಳನ್ನು ಮೈ ಶತ್ರು ಅಂತ ತಿಳಿದು ಹೊಡೆಯಲು ಶುರುಮಾಡುತ್ತದೆ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅಲರ್ಜಿ ಎಂಬ ಹೆಸರು ಕೊಟ್ಟ.

ಈ ಹೊಡೆತದ ಮುಖ್ಯ ಸಾಧನ ಐಜಿಇ ಎಂಬ ಪ್ರತಿಕಾಯ, ಅಂದರೆ ಮೈ ತನ್ನ ರಕ್ಷಣೆಗೆ ತಾನೇ ತಯಾರಿಸುವ ಪ್ರೋಟೀನ್. 1960ರ ದಶಕದ ಕೊನೆಗೆ ಜಪಾನ್ ಮೂಲದ ಇಶಿಝಾಕಾ ದಂಪತಿ ಮತ್ತು ಸ್ವೀಡನ್ನಿನ ಸಂಶೋಧಕರು ಇದನ್ನು ಗುರುತಿಸಿದರು. ಹೊಟ್ಟೆಹುಳದಂಥ ಪರಾವಲಂಬಿಗಳನ್ನು ಓಡಿಸಲು ಇದು ಹುಟ್ಟಿಕೊಂಡಿದ್ದು ಅಂತ ನಂಬಲಾಗಿದೆ. ಅಲರ್ಜಿ ಇರುವವರಲ್ಲಿ ಈ ಐಜಿಇ ಚರ್ಮ, ಮೂಗು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಮೊದಲೇ ಅಂಟಿ ಕೂತಿರುತ್ತದೆ. ಪರಾಗ ಬಂದು ತಾಗಿದ ಕೂಡಲೇ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತವೆ. ಅದು ಮೂಗಿನಲ್ಲಾದರೆ ಸೀನು, ಚರ್ಮದಲ್ಲಾದರೆ ಗಂಧೆ, ಕಣ್ಣಿನಲ್ಲಾದರೆ ತುರಿಕೆ.

ಶ್ವಾಸನಾಳದಲ್ಲಾದರೆ ಅಸ್ತಮಾ. ಗಾಳಿ ಹೋಗುವ ಸಣ್ಣ ಕೊಳವೆಗಳ ಒಳಪದರ ಬಾವುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ತುಂಬುತ್ತದೆ. ಎದೆಯಲ್ಲಿ ಸುಯ್ ಸುಯ್ ಅಂತ ಕೇಳುವುದು ಇಕ್ಕಟ್ಟಾದ ಆ ದಾರಿಯಲ್ಲಿ ಗಾಳಿ ಹೋಗುವ ಸದ್ದು. ಎಲ್ಲ ಅಸ್ತಮಾವೂ ಅಲರ್ಜಿಯಿಂದಲೇ ಬರುವುದಿಲ್ಲ. ದಮ್ಮು ಇರುವವರಿಗೆಲ್ಲ ಅಸ್ತಮಾವೇ ಇರುತ್ತದೆ ಅಂತಲೂ ಇಲ್ಲ. ವರ್ಷಗಟ್ಟಲೆ ಒಲೆ ಮುಂದೆ ಕೂತ ಹೆಣ್ಣುಮಗಳಿಗೆ, ಬೀಡಿ ಸೇದಿದ ಗಂಡಸಿಗೆ ಐವತ್ತು ದಾಟಿದ ಮೇಲೆ ಬರುವ ದಮ್ಮು ಬಹಳ ಸಲ ಸಿಒಪಿಡಿ ಎಂಬ, ಗಾಳಿಯ ದಾರಿ ಕಾಯಂ ಇಕ್ಕಟ್ಟಾಗುವ ಬೇರೆ ಕಾಯಿಲೆ.

ನಿಜವಾಗಿಯೂ ಜಾಸ್ತಿಯಾಗಿದೆಯಾ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 26.2 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ವರ್ಷ ಅದರಿಂದ ಸತ್ತವರು ಸುಮಾರು 4.55 ಲಕ್ಷ. ಶ್ರೀಮಂತ ದೇಶಗಳಲ್ಲಿ 1960ರಿಂದ 1990ರ ದಶಕದವರೆಗೆ ಅಸ್ತಮಾ ಮತ್ತು ಅಲರ್ಜಿ ಏರುತ್ತಲೇ ಹೋದವು. ಆಮೇಲೆ ಅಲ್ಲಿ ಕೆಲವು ಕಡೆ ಏರಿಕೆ ನಿಂತಿತು.

ನಮ್ಮ ರಾಜ್ಯದ ಲೆಕ್ಕವೂ ಒಂದಿದೆ. ಬೆಂಗಳೂರಿನ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರು. 1979ರಲ್ಲಿ ಅವರಲ್ಲಿ ಶೇ. 9ರಷ್ಟು ಮಕ್ಕಳಿಗೆ ಅಸ್ತಮಾ ಇತ್ತು. 1999ಕ್ಕೆ ಅದು ಶೇ. 29.5 ಆಗಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಶಾಲೆ ಶಾಲೆಗೆ ಹೋಗಿ ಮಾಡಿದ ಸಮೀಕ್ಷೆಗಳಲ್ಲಿ ಇಷ್ಟು ದೊಡ್ಡ ಅಂಕಿ ಬರುವುದಿಲ್ಲ.

ಏರಿಕೆಯ ಒಂದು ಪಾಲು ಗುರುತಿಸುವಿಕೆಯಿಂದ ಬಂದದ್ದು. ಮೊದಲು "ಚಳಿಗಾಲದ ಕಫ" ಅಂತ ಬಿಟ್ಟಿದ್ದಕ್ಕೆ ಈಗ ಹೆಸರು ಸಿಗುತ್ತಿದೆ. ಹಾಗಂತ ಎಲ್ಲವೂ ಹೆಸರಿನ ಆಟವಲ್ಲ. 2022ರಲ್ಲಿ ಪ್ರಕಟವಾದ ದೇಶದ ದೊಡ್ಡ ಸಮೀಕ್ಷೆಯೊಂದು, ಎದೆ ಸುಯ್‌ಗುಡುವ ನೂರು ಜನರಲ್ಲಿ ಎಂಬತ್ತಕ್ಕೂ ಜಾಸ್ತಿ ಜನರಿಗೆ ಅಸ್ತಮಾ ಅಂತ ಯಾರೂ ಹೇಳಿಯೇ ಇರಲಿಲ್ಲ ಎಂದಿತು. ಅಂದರೆ ನಮ್ಮಲ್ಲಿ ಇನ್ನೂ ಗುರುತಿಗೆ ಬಾರದ ರೋಗಿಗಳೇ ಬಹಳ.

ಇನ್ನು ವಂಶದ ಮಾತು. ಅಪ್ಪ ಅಮ್ಮನಿಗೆ ಅಸ್ತಮಾ, ಗಂಧೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. ಇದು ನಿಜ. ಆದರೆ ವಂಶವಾಹಿಗಳು ಎರಡು ತಲೆಮಾರಿನಲ್ಲಿ ಬದಲಾಗುವುದಿಲ್ಲ. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಬದಲಾಗಿದ್ದು ಗಾಳಿ, ಮನೆ, ಊಟ, ಬೆಳೆಯುವ ರೀತಿ. ಕಾರಣ ಹುಡುಕಬೇಕಾದದ್ದು ಅಲ್ಲಿ.

ಕಾವಲುಗಾರ ಪಾಠ ಕಲಿಯುವುದು ಎಲ್ಲಿ?

1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ ಒಂದು ಸಣ್ಣ ಲೇಖನ ಬರೆದ. 1958ರ ಮಾರ್ಚಿನ ಒಂದೇ ವಾರದಲ್ಲಿ ಹುಟ್ಟಿದ 17,414 ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದ ಮಾಹಿತಿ ಅವನ ಕೈಯಲ್ಲಿತ್ತು. ಅಣ್ಣ ಅಕ್ಕಂದಿರು ಜಾಸ್ತಿ ಇದ್ದ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ. ಒಂದೇ ಕೂಸಾಗಿ ಬೆಳೆದವರಿಗೆ ಜಾಸ್ತಿ. ದೊಡ್ಡ ಮಕ್ಕಳು ಹೊರಗಿನಿಂದ ಸಣ್ಣಪುಟ್ಟ ಸೋಂಕು ತರುತ್ತಾರೆ, ಚಿಕ್ಕದರ ಮೈ ಅದರಿಂದ ಕಲಿಯುತ್ತದೆ ಅಂತ ಅವನು ಊಹಿಸಿದ. ಇದಕ್ಕೆ ಆಮೇಲೆ ಸ್ವಚ್ಛತೆಯ ಸಿದ್ಧಾಂತ ಅಂತ ಹೆಸರು ಬಂತು.

ಅದೇ ಹೊತ್ತಿಗೆ ಜರ್ಮನಿ ಒಂದಾಯಿತು. ಎರಿಕಾ ಫಾನ್ ಮುಟಿಯಸ್ ಎಂಬ ವೈದ್ಯೆ ಪೂರ್ವ ಮತ್ತು ಪಶ್ಚಿಮದ ಮಕ್ಕಳನ್ನು ಹೋಲಿಸಿ ನೋಡಿದಳು. ಪೂರ್ವದ ಲೈಪ್‌ಜಿಗ್, ಹಾಲೆ ಊರುಗಳ ಗಾಳಿ ಕಲ್ಲಿದ್ದಲ ಹೊಗೆಯಿಂದ ಕೆಟ್ಟುಹೋಗಿತ್ತು. ಅಸ್ತಮಾವೂ ಅಲ್ಲೇ ಜಾಸ್ತಿ ಇರುತ್ತದೆ ಎನ್ನುವುದು ಎಲ್ಲರ ಎಣಿಕೆ. ಸಿಕ್ಕಿದ್ದು ಉಲ್ಟಾ. ಪೂರ್ವದಲ್ಲಿ ಬ್ರಾಂಕೈಟಿಸ್, ಅಂದರೆ ಶ್ವಾಸನಾಳ ಬಾತು ಬರುವ ಕೆಮ್ಮು ಕಫ, ಜಾಸ್ತಿ, ಆದರೆ ಅಲರ್ಜಿ ಮತ್ತು ಅಸ್ತಮಾ ಕಡಿಮೆ. ಅಲ್ಲಿನ ಮಕ್ಕಳು ತುಂಬಿದ ಮನೆಗಳಲ್ಲಿ ಇದ್ದರು, ಬಹಳ ಚಿಕ್ಕವರಿದ್ದಾಗಲೇ ಶಿಶುವಿಹಾರಕ್ಕೆ ಹೋಗುತ್ತಿದ್ದರು.

ನಮ್ಮ ಅಜ್ಜಿಯರ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಉತ್ತರ ಸಿಕ್ಕಿದ್ದು 2016ರಲ್ಲಿ, ಅಮೆರಿಕದ ಎರಡು ರೈತ ಸಮುದಾಯಗಳಿಂದ. ಆಮಿಶ್ ಮತ್ತು ಹಟರೈಟ್ ಜನ ಇಬ್ಬರೂ ಯುರೋಪಿನಿಂದ ಬಂದವರು. ರಕ್ತ ಹೆಚ್ಚುಕಮ್ಮಿ ಒಂದೇ, ಊಟ ಒಂದೇ ಥರ, ಮಕ್ಕಳು ಬಹಳ. ಒಂದೇ ವ್ಯತ್ಯಾಸ ಎದ್ದು ಕಾಣುತ್ತದೆ. ಆಮಿಶರು ಕುದುರೆ ಕಟ್ಟಿ ಉಳುತ್ತಾರೆ, ಮನೆ ಪಕ್ಕದಲ್ಲೇ ಕೊಟ್ಟಿಗೆ, ಮಕ್ಕಳು ಅದರಲ್ಲೇ ಆಡುತ್ತಾರೆ. ಹಟರೈಟರದು ಯಂತ್ರಗಳ ದೊಡ್ಡ ಕೃಷಿ, ಕೊಟ್ಟಿಗೆ ಮನೆಯಿಂದ ದೂರ. ಆಮಿಶ್ ಮಕ್ಕಳಲ್ಲಿ ಅಸ್ತಮಾ ಶೇ. 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇ. 21ರಷ್ಟು. ಆಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದ ಹೊರಪದರದ ಚೂರುಗಳು ಸುಮಾರು ಏಳು ಪಟ್ಟು ಜಾಸ್ತಿ ಇದ್ದವು. ಆ ಧೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಅವುಗಳಿಗೆ ಅಸ್ತಮಾದಂಥ ತೊಂದರೆ ಬರಲಿಲ್ಲ. ಹಟರೈಟ್ ಮನೆಯ ಧೂಳಿಗೆ ಈ ಗುಣ ಇರಲಿಲ್ಲ.

ಅಂದರೆ ಊರೊಳಗೇ ಬೆಳೆದು ಎಲ್ಲರನ್ನೂ ಬಲ್ಲ ಕಾವಲುಗಾರ ಯಾರಿಗೆ ಕಲ್ಲು ಬೀಸಬೇಕು, ಯಾರಿಗೆ ಬೀಸಬಾರದು ಅಂತ ತಿಳಿದಿರುತ್ತಾನೆ. ಹೊರಗೇ ಬರದೆ ಬೆಳೆದವನಿಗೆ ಎಲ್ಲರೂ ಕಳ್ಳರೇ.

ಈಗ ನಮ್ಮ ಹಳೆಯ ಮನೆಗಳನ್ನು ನೋಡಿ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ತಲೆಬಾಗಿಲು ದಾಟಿದರೆ ಒಳಗೇ ಎತ್ತು, ಆಕಳು ಕಟ್ಟುವ ಜಾಗ. ಸಗಣಿ ಸಾರಿಸಿದ ನೆಲದ ಮೇಲೆ ಕೂಸು ಅಂಬೆಗಾಲಿಡುತ್ತಿತ್ತು. ಮನೆ ತುಂಬ ಮಕ್ಕಳು. ಅಜ್ಜಿ ಬೆಳೆದ ಧೂಳು ಅದು. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಮಕ್ಕಳ ಓದಿಗೆ ಅಂತ ಎಷ್ಟೋ ಮನೆಯವರು ಊರು ಬಿಟ್ಟು ಕಲಬುರಗಿಯಲ್ಲೋ ಬೀದರಿನಲ್ಲೋ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಮೊಮ್ಮಗಳು ಉಸಿರಾಡುವ ಧೂಳು ಕೊಟ್ಟಿಗೆಯದ್ದಲ್ಲ, ರಸ್ತೆಯದು.

ಇಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಕೊಟ್ಟಿಗೆಯ ಈ ರಕ್ಷಣೆ ಕೆಲಸ ಮಾಡುವುದು ತಾಯಿ ಬಸುರಿ ಇರುವಾಗ ಮತ್ತು ಮಗುವಿನ ಮೊದಲ ಒಂದೆರಡು ವರ್ಷದಲ್ಲಿ. ಈಗಾಗಲೇ ಅಸ್ತಮಾ ಇರುವ ಹುಡುಗನನ್ನು "ಅಭ್ಯಾಸ ಆಗಲಿ" ಅಂತ ಕಣಕ್ಕೆ, ಕೊಟ್ಟಿಗೆಗೆ ಕಳಿಸಿದರೆ ದಮ್ಮು ಏರುತ್ತದೆ. ಸ್ವಚ್ಛತೆ ಬೇಡ ಅಂತಲೂ ಇದರ ಅರ್ಥವಲ್ಲ. ಕೈ ತೊಳೆಯುವುದು, ಶುದ್ಧ ನೀರು, ಲಸಿಕೆ ಉಳಿಸಿದ ಜೀವಗಳು ಲೆಕ್ಕವಿಲ್ಲದಷ್ಟು.

ಹೊರಗಿನ ಗಾಳಿ

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. 10 ಮೈಕ್ರಾನ್‌ಗಿಂತ ಸಣ್ಣ ಧೂಳಿಗೆ ಪಿಎಂ 10 ಅನ್ನುತ್ತಾರೆ. ಇದು ಮೂಗು, ಗಂಟಲು, ದೊಡ್ಡ ಶ್ವಾಸನಾಳಗಳಲ್ಲಿ ಕೂರುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣದು ಪಿಎಂ 2.5. ಅದು ಶ್ವಾಸಕೋಶದ ತಳದವರೆಗೂ ಹೋಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುಮಾಡಿದಾಗ ಕರ್ನಾಟಕದ ನಾಲ್ಕು ಊರುಗಳನ್ನು ಪಟ್ಟಿಗೆ ಸೇರಿಸಿತು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆಗೆ ಕಲಬುರಗಿಯೂ ಅದರಲ್ಲಿದೆ.

ನಮ್ಮಲ್ಲಿ ಧೂಳಿಗೆ ಮೂಲಗಳು ಬಹಳ. ವಾಡಿ, ಸೇಡಂ, ಮಳಖೇಡ ಕಡೆ ಸುಣ್ಣದ ಕಲ್ಲಿನ ಗಣಿ ಮತ್ತು ಸಿಮೆಂಟ್. ಶಹಾಬಾದ್ ಕಲ್ಲು ಕೊಯ್ದು ಪಾಲಿಶ್ ಮಾಡುವ ಜಾಗಗಳು. ದಾಲ್ ಮಿಲ್ಲುಗಳು, ಯಾದಗಿರಿ ಕಡೆ ಹತ್ತಿ ಜಿನ್ನಿಂಗ್. ಎಲ್ಲಕ್ಕಿಂತ ಜಾಸ್ತಿ ಅಗೆದು ಬಿಟ್ಟ ರಸ್ತೆಗಳು, ಮಳೆ ಕಡಿಮೆ ಇರುವ ಸೀಮೆಯ ಒಣ ಗಾಳಿ. ಇಂಥ ಧೂಳು ಮತ್ತು ಡೀಸೆಲ್ ಹೊಗೆ ಶ್ವಾಸನಾಳದ ಒಳಪದರವನ್ನು ಗೀರುತ್ತವೆ. ಗೀರಿದ ಪದರದ ಮೂಲಕ ಪರಾಗದ ಪ್ರೋಟೀನ್ ಸುಲಭವಾಗಿ ಒಳಗೆ ಇಳಿಯುತ್ತದೆ. ಡೀಸೆಲ್ ಹೊಗೆಯ ಕಣ ಮತ್ತು ಪರಾಗ ಒಟ್ಟಿಗೆ ಬಂದಾಗ ಐಜಿಇ ತಯಾರಾಗುವುದು ಹೆಚ್ಚುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ನಮ್ಮ ತೊಂದರೆಯ ಗಂಟು ಇಲ್ಲಿದೆ ಅನ್ನುವುದು ನನ್ನ ತಿಳುವಳಿಕೆ. ಪಾಠ ಕಲಿಸುತ್ತಿದ್ದ ಧೂಳು ಹೋಯಿತು, ಗಾಯ ಮಾಡುವ ಧೂಳು ಬಂತು, ಎರಡೂ ಒಂದೇ ತಲೆಮಾರಿನಲ್ಲಿ ಆಯಿತು.

ರಾಶಿಯ ಧೂಳು ಮತ್ತೊಂದು ಥರದ್ದು. ತೊಗರಿ ಕಾಯಿಯ ಮೇಲೆ ಸಣ್ಣ ರೋಮಗಳಿರುತ್ತವೆ. ಒಣಗಿದ ಗಿಡದ ಮೇಲೆ ಆಲ್ಟರ್ನೇರಿಯಾದಂಥ ಶಿಲೀಂಧ್ರಗಳ ಬೀಜಕಣಗಳು ಕೂತಿರುತ್ತವೆ, ಇವು ಅಸ್ತಮಾ ಕೆರಳಿಸುವುದರಲ್ಲಿ ಹೆಸರುವಾಸಿ. ಯಂತ್ರ ಕೆಲವೇ ಗಂಟೆಗಳಲ್ಲಿ ಇಡೀ ಹೊಲದ ಹೊಟ್ಟನ್ನು ಗಾಳಿಗೆ ತೂರುತ್ತದೆ. ಯಂತ್ರದ ಬಾಯಿಗೆ ಗಿಡ ಹಾಕುವವರ, ಹೊಟ್ಟು ಬೀಳುವ ಕಡೆ ನಿಲ್ಲುವವರ ಮುಖಕ್ಕೆ ಒಂದು ಟವೆಲ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಟವೆಲ್ ಹೊಟ್ಟನ್ನು ತಡೆಯುತ್ತದೆ, ಬೀಜಕಣವನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ತಡೆಯುತ್ತದೆ.

ಇನ್ನು ಗಿಡಗಳು. ಕಾಂಗ್ರೆಸ್ ಗಿಡ ಅಂತ ನಾವು ಕರೆಯುವ ಪಾರ್ಥೇನಿಯಂ ನಮ್ಮ ಗಿಡವಲ್ಲ, ಅಮೆರಿಕ ಖಂಡದ್ದು. ಭಾರತದಲ್ಲಿ 1950ರ ದಶಕದಲ್ಲಿ ಪುಣೆಯ ಹತ್ತಿರ ಮೊದಲು ಕಣ್ಣಿಗೆ ಬಿತ್ತು. ಒಂದೇ ಗಿಡ ಹತ್ತು ಸಾವಿರಕ್ಕೂ ಜಾಸ್ತಿ ಬೀಜ ಉದುರಿಸುತ್ತದೆ. ಮುಟ್ಟಿದರೆ ತುರಿಕೆ, ಪರಾಗ ಮೂಗಿಗೆ ಹೋದರೆ ಸೀನು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರು ಜನರಲ್ಲಿ ಏಳು ಮಂದಿಗೆ ಇದರಿಂದ ಮೂಗಿನ ಅಲರ್ಜಿ ಇತ್ತು. ಹಳ್ಳದ ದಂಡೆ, ಪಾಳು ಹೊಲ ತುಂಬಿರುವ ಬಳ್ಳಾರಿ ಜಾಲಿಯ ಪರಾಗವೂ ಅಲರ್ಜಿಗೆ ಹೆಸರಾದದ್ದು. ಅದೂ ಹೊರಗಿನಿಂದ ಬಂದ ಗಿಡ. ನಮ್ಮ ಅಜ್ಜಿಯರ ಅಜ್ಜಿಯರ ಕಾಲದಲ್ಲಿ ಈ ಎರಡು ಪರಾಗಗಳು ಈಗಿನಂತೆ ಗಾಳಿ ತುಂಬ ಇರಲಿಲ್ಲ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ತಾಪ ಏರಿದಂತೆ ಕೆಲವು ಗಿಡಗಳು ಪರಾಗ ಜಾಸ್ತಿ ಬಿಡುತ್ತವೆ. ಉತ್ತರ ಅಮೆರಿಕದಲ್ಲಿ 1990ರಿಂದ 2018ರ ನಡುವೆ ಪರಾಗದ ಕಾಲ ಸುಮಾರು 20 ದಿನ ಮೊದಲೇ ಶುರುವಾಗತೊಡಗಿದೆ, ಉದ್ದವೂ ಆಗಿದೆ, ಪರಾಗವೂ ಶೇ. 21ರಷ್ಟು ಹೆಚ್ಚಿದೆ.

ಮನೆಯೊಳಗಿನ ಗಾಳಿ

ಹೊರಗಿನ ಗಾಳಿ ನಮ್ಮ ಕೈಯಲ್ಲಿಲ್ಲ. ಒಳಗಿನದು ಬಹಳ ಮಟ್ಟಿಗೆ ನಮ್ಮ ಕೈಯಲ್ಲಿದೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಒಲೆ. 2016ರಲ್ಲಿ ಬಡ ಮನೆಗಳಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಬಂತು. ಆದರೂ ಜೋಳದ ರೊಟ್ಟಿ ಕಟ್ಟಿಗೆ ಒಲೆ ಮೇಲೇ ಚಂದ ಅಂತ ಅದು ಉಳಿದಿದೆ, ಸ್ನಾನದ ನೀರೂ ಅದರ ಮೇಲೇ ಕಾಯುತ್ತದೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳಿನ ಹೊಗೆಯಲ್ಲಿ ಪಿಎಂ 2.5 ತುಂಬಿರುತ್ತದೆ. ಅಮ್ಮನ ತೊಡೆಯ ಮೇಲಿನ ಕೂಸಿಗೂ ಅದರ ಪಾಲು ಸಿಗುತ್ತದೆ.

ಬಾಣಂತಿ ಕೋಣೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಕೂಸಿಗೆ ಎರೆದು, ಬಟ್ಟೆಯಲ್ಲಿ ಸುತ್ತಿ, ಕೆಂಡದ ಮೇಲೆ ಲೋಬಾನ ಉದುರಿಸಿ, ಆ ಹೊಗೆಯ ಮೇಲೆ ಹಿಡಿಯುತ್ತಾರೆ. ಗಾಳಿ ಆಡದಿರಲಿ ಅಂತ ಕಿಟಕಿ ಮುಚ್ಚಿರುತ್ತದೆ. ಪ್ರೀತಿಯಿಂದ ಮಾಡುವ ಕೆಲಸ ಅದು, ಅದರಲ್ಲಿ ಅನುಮಾನವಿಲ್ಲ. ಆದರೆ ಹುಟ್ಟಿದ ಕೂಸಿನ ಶ್ವಾಸನಾಳ ತುಂಬಾ ಸಣ್ಣದು, ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಹೊಗೆ ಲೋಬಾನದ್ದಾದರೂ ಅದಕ್ಕೆ ಹೊಗೆಯೇ. ಸೊಳ್ಳೆ ಬತ್ತಿಯ ಕತೆಯೂ ಹೀಗೇ. ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಸೊಳ್ಳೆಪರದೆಗೆ ಹೊಗೆಯಿಲ್ಲ.

ಇನ್ನು ಕೂಲರ್. ನಮ್ಮ ಬೇಸಿಗೆಗೆ ಅದಿಲ್ಲದೆ ನಿದ್ದೆ ಬರುವುದಿಲ್ಲ, ಅಲ್ವಾ? ಕೂಲರ್ ಒಣ ಗಾಳಿಯನ್ನು ಒದ್ದೆ ಮಾಡುತ್ತದೆ. ಹುಲ್ಲಿನ ಪ್ಯಾಡ್, ತಳದ ನೀರು ವಾರಗಟ್ಟಲೆ ಹಾಗೇ ಇದ್ದರೆ ಅಲ್ಲಿ ಬೂಸ್ಟು ಬೆಳೆಯುತ್ತದೆ, ಫ್ಯಾನ್ ಅದನ್ನು ಕೋಣೆಗೆ ಊದುತ್ತದೆ. ಇದಕ್ಕಿಂತ ದೊಡ್ಡ ವಿಷಯ ಧೂಳಿನ ನುಸಿ. ಇದು ಹಾಸಿಗೆ, ದಿಂಬಿನಲ್ಲಿ ನಮ್ಮ ಚರ್ಮದ ಹೊಟ್ಟು ತಿಂದು ಬದುಕುವ, ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಉದ್ದದ ಜೀವಿ. ಅಲರ್ಜಿ ಮಾಡುವುದು ಮುಖ್ಯವಾಗಿ ಅದರ ಹಿಕ್ಕೆ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಒಣ ಹವೆಯಲ್ಲಿ ಸಾಯುತ್ತದೆ. ಅಮೆರಿಕದ ಒಣ ಪ್ರದೇಶಗಳಲ್ಲಿ ನೋಡಿದಾಗ ಇಂಥ ನೀರಿನ ಕೂಲರ್ ಇದ್ದ ಮನೆಗಳಲ್ಲಿ ನುಸಿ ಜಾಸ್ತಿ ಸಿಕ್ಕಿತು. ನಮ್ಮ ಒಣ ಬೇಸಿಗೆ ನುಸಿಯನ್ನು ತಾನಾಗಿಯೇ ಕಡಿಮೆ ಮಾಡುತ್ತಿತ್ತು. ಕಿಟಕಿ ಮುಚ್ಚಿದ ಕೋಣೆಯ ಕೂಲರ್ ಅದಕ್ಕೆ ನೆರಳೂ ನೀರೂ ಕೊಟ್ಟಿತು. ಕಿಟಕಿ ಸ್ವಲ್ಪ ತೆರೆದಿಟ್ಟು ಓಡಿಸುವುದು, ವಾರಕ್ಕೊಮ್ಮೆ ನೀರು ಚೆಲ್ಲಿ ತೊಟ್ಟಿ ಒಣಗಿಸುವುದು, ಪ್ರತಿ ಬೇಸಿಗೆ ಪ್ಯಾಡ್ ಬದಲಿಸುವುದು ಒಳ್ಳೆಯದು.

ಕೌದಿಯ ವಿಷಯದಲ್ಲಿ ಹಿರಿಯರ ರೂಢಿಯೇ ಸರಿ. ಹಳೆ ಸೀರೆಗಳ ಪದರ ಪದರ ಸೇರಿಸಿ ಹೊಲಿದ ಕೌದಿ ನುಸಿಗೆ ಒಳ್ಳೆ ಮನೆ. ಆದರೆ ಅದನ್ನು ಮಾಳಿಗೆ ಮೇಲೆ ಏಪ್ರಿಲ್ ಬಿಸಿಲಿಗೆ ಹಾಕಿ, ಝಾಡಿಸಿ, ಬಿಸಿ ನೀರಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಹಿಕ್ಕೆಯೂ ಹೋಗುತ್ತದೆ. ದಪ್ಪ ಫೋಮ್ ಗಾದಿಯನ್ನು ಹೀಗೆ ಒಗೆಯಲು ಆಗುವುದಿಲ್ಲ. ಝಾಡಿಸುವಾಗ ಅಸ್ತಮಾ ಇರುವವರು ಮಾತ್ರ ದೂರ ಇರಬೇಕು.

ಊಟ ಮತ್ತು ಔಷಧಿ

ಅಲರ್ಜಿ ಬರುತ್ತದೆ ಅಂತ ಕೂಸಿಗೆ ಶೇಂಗಾ, ಮೊಟ್ಟೆ ತಡವಾಗಿ ಕೊಡಿ ಎಂದು ಒಂದು ಕಾಲದಲ್ಲಿ ಪಾಶ್ಚಾತ್ಯ ವೈದ್ಯರು ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನಲ್ಲಿ 640 ಕೂಸುಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂದಾಗ ಇದು ತಲೆಕೆಳಗಾಯಿತು. ಮೊದಲ ವರ್ಷದಲ್ಲೇ ಶೇಂಗಾ ತಿಂದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇ. 80ರಷ್ಟು ಕಡಿಮೆ. ಕೊಡುವುದು ಪುಡಿ ಅಥವಾ ಪೇಸ್ಟ್ ಆಗಿರಬೇಕು, ಇಡೀ ಕಾಳು ಗಂಟಲಲ್ಲಿ ಸಿಗುತ್ತದೆ.

ಚಿಕ್ಕಂದಿನಲ್ಲಿ ಪದೇಪದೇ ಆಂಟಿಬಯೋಟಿಕ್ ಕೊಡುವುದು, ಸಿಸೇರಿಯನ್ ಹೆರಿಗೆ, ಬೊಜ್ಜು ಇವಕ್ಕೂ ಅಸ್ತಮಾಕ್ಕೂ ನಂಟು ಕಂಡಿದೆ. ನಂಟು ಅಂದರೆ ಕಾರಣವೇ ಅಂತಲ್ಲ. ಬೊಜ್ಜಿನ ವಿಷಯದಲ್ಲಿ ಸಾಕ್ಷಿ ಗಟ್ಟಿ, ಉಳಿದ ಎರಡರಲ್ಲಿ ಇನ್ನೂ ಚರ್ಚೆ ಇದೆ. ಸುಮ್ನೆ ನೆಗಡಿಗೆ ಆಂಟಿಬಯೋಟಿಕ್ ಸಿರಪ್ ಹಾಕುವುದನ್ನು ನಿಲ್ಲಿಸಲು ಬೇರೆ ಕಾರಣಗಳೂ ಸಾಕಷ್ಟಿವೆ.

ಮೃಗಶಿರ ಮಳೆ ಮತ್ತು ಪಂಪ್

ಜೂನ್‌ನಲ್ಲಿ ಮೃಗಶಿರ ಕೂಡುವಾಗ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ನಮ್ಮ ಕಡೆಯಿಂದ ಜನ ಹೋಗುತ್ತಾರೆ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ಪರೀಕ್ಷೆಗೆ ನಿಂತ ಸಾಕ್ಷಿ ಇಲ್ಲ. ಆದರೂ ಕೆಲವರಿಗೆ ಹಗುರ ಅನಿಸುವುದು ಯಾಕೆ? ಅಸ್ತಮಾ ತಾನಾಗಿಯೇ ಏರಿ ಇಳಿಯುವ ಕಾಯಿಲೆ. ಮದ್ದು ನುಂಗುವ ಹೊತ್ತಿಗೆ ಮಳೆ ಬಿದ್ದು ಬೇಸಿಗೆಯ ಧೂಳೂ ಕೂರುತ್ತದೆ. ಹೋಗುವವರು ಪಂಪ್ ಬಿಟ್ಟು ಹೋಗದಿದ್ದರೆ ಸಾಕು.

ಪಂಪ್ ಚಟವಾಗುತ್ತದೆ ಅನ್ನುವ ಹೆದರಿಕೆ ಇನ್ನೂ ಬಹಳ ಮನೆಗಳಲ್ಲಿದೆ. ಲೆಕ್ಕ ನೋಡಿ. ಬಾವು ಇಳಿಸುವ ಸ್ಟಿರಾಯ್ಡ್ ಪಂಪಿನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100ರಿಂದ 200 ಮೈಕ್ರೋಗ್ರಾಂ ಔಷಧಿ. ಸ್ಟಿರಾಯ್ಡಿನ ಒಂದು 10 ಮಿಲಿಗ್ರಾಂ ಮಾತ್ರೆ ಅಂದರೆ 10,000 ಮೈಕ್ರೋಗ್ರಾಂ. ಮಾತ್ರೆ ಇಡೀ ಮೈಗೆ ಹೋಗುತ್ತದೆ, ಪಂಪ್ ಬೇಕಾದ ಜಾಗಕ್ಕೆ ಹೋಗುತ್ತದೆ. ದಾರಿ ತಕ್ಷಣ ಬಿಡಿಸುವ ನೀಲಿ ಪಂಪ್ ಒಂದನ್ನೇ ನಂಬಿ ಇರುವುದು ಅಪಾಯ, ಯಾಕೆಂದರೆ ಒಳಗಿನ ಬಾವು ಅದರಿಂದ ಇಳಿಯುವುದಿಲ್ಲ. ಅಸ್ತಮಾ ಹೌದೋ ಅಲ್ಲವೋ ಅಂತ ಖಚಿತ ಮಾಡಲು ಕೊಳವೆಯಲ್ಲಿ ಜೋರಾಗಿ ಊದುವ ಸ್ಪೈರೋಮೆಟ್ರಿ ಪರೀಕ್ಷೆ ಇದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅಲ್ಲಿ ಎದೆರೋಗದ ಡಾಕ್ಟರನ್ನು ಕೇಳಿ. ಐದಾರು ವರ್ಷದೊಳಗಿನ ಮಕ್ಕಳಿಗೆ ಸರಿಯಾಗಿ ಊದಲು ಬರುವುದಿಲ್ಲ, ಅವರಲ್ಲಿ ಲಕ್ಷಣ ನೋಡಿಯೇ ಹೇಳಬೇಕಾಗುತ್ತದೆ.

ಮಗು ಒಂದು ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಲು ಆಗದಿದ್ದರೆ, ಉಸಿರು ಎಳೆದಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಪಂಪ್ ಹಾಕಿದರೂ ಇಳಿಯದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಮಗುವನ್ನು ಮಲಗಿಸದೆ ಕೂರಿಸಿಕೊಂಡು ಡಾಕ್ಟರು ಹೇಳಿಕೊಟ್ಟಂತೆ ನೀಲಿ ಪಂಪ್ ಕೊಡುತ್ತಿರಿ.